ನಾಲ್ಕು ಬೆರಳು ಕಡುನೀಲಿ

ಆ ಬೇಸಿಗೆ ರಜೆಗೆ ಹಾಸ್ಟೆಲಿನಿಂದ ಅರಸೀಕೆರೆಯ ಮನೆಗೆ ಬಂದಾಗ ನನ್ನ ಕಾನ್ವೆಂಟ್ ಯೂನಿಫಾರ್ಮ್ ಮೊಣಕಾಲಿನ ಮೇಲೇರಿತ್ತು. ಹೊಸದು ಹೊಲಿಯುವ ಮಾತನ್ನು ಯಾರೂ ಎತ್ತಲಿಲ್ಲ. ಓದಿದ್ದು ಸಾಕು, ಪಕ್ಕದ ಗಂಡಸಿ ಊರಲ್ಲೊಂದು ಗಂಡಿದೆ ಎಂದು ಅಜ್ಜಿಯ ಹಟ. ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂತಲೂ ಅಂದಿರಲಿಲ್ಲ.

ಅಪ್ಪ ರೈಲ್ವೆ ಸ್ಟೇಷನ್ನಿನಲ್ಲಿ ಗುಮಾಸ್ತರು. ಒಂದು ಮಧ್ಯಾಹ್ನ ಫ್ರೆಂಚ್ ಲೇಡಿಯೊಬ್ಬರನ್ನು ಕ್ವಾರ್ಟರ್ಸಿಗೆ ಕರೆತಂದರು. ಹಳೇಬೀಡಿನಲ್ಲಿ ಅವರ ಗೌನಿನ ಅಂಚು ಕಲ್ಲಿಗೆ ಸಿಕ್ಕಿ ಹರಿದಿತ್ತು. ರೈಲಿಗಿನ್ನೂ ಎರಡು ಗಂಟೆ. ಅಮ್ಮ ಅವರಿಗೆ ತನ್ನ ಸೀರೆ ಸುತ್ತಿ, ಗೌನ್ ಹಿಡಿದು ಹೊಲಿಯಲು ಕೂತಳು. ಇಂಗ್ಲಿಷ್ ಬರುತ್ತಿದ್ದದ್ದು ನನಗೊಬ್ಬಳಿಗೇ. ಮಾತೆಲ್ಲ ನನ್ನ ಮೂಲಕ.

ಮೇಡಂ ಪ್ಯಾರಿಸ್ಸಿನ ಒಂದು ಫ್ಯಾಷನ್ ಮ್ಯಾಗಜೀನಿಗೆ ಎಡಿಟರ್. ನನ್ನ ವಯಸ್ಸಿನಲ್ಲಿ ಅವರಿಗೆ ದರ್ಜಿ ಅಂಗಡಿಯ ನೆಲದಿಂದ ಗುಂಡುಸೂಜಿ ಆರಿಸುವ ಕೆಲಸ. ಆಮೇಲೆ ಪತ್ರಿಕೆಯಲ್ಲಿ ಚಿತ್ರಗಳ ಕೆಳಗೆ ಒಂದೊಂದು ಸಾಲು ಬರೆದರಂತೆ. ಎಡಿಟರ್ ಕುರ್ಚಿ ಸಿಗುವಷ್ಟರಲ್ಲಿ ತಲೆ ನರೆತಿತ್ತು.

"ಮದುವೆ?" ಅಜ್ಜಿ ಕೇಳಿದರು.

ಆಗಿಲ್ಲವಂತೆ ಎಂದೆ.

"ಅದಕ್ಕೇ ಹಿಂಗೆ ಊರೂರು ಅಲೀತಾವ್ಳೆ!"

ಏನಂದರೆಂದು ಮೇಡಂ ಕೇಳಿದರು. "ಪ್ರಯಾಣದಲ್ಲಿ ದಣಿದಿರಬೇಕು ಅಂತಾರೆ," ಎಂದು ಪೊಲೈಟಾಗಿ ತಿರುಗಿಸಿ ಹೇಳಿದೆ.

ಗೌನ್ ಕೈಗೆ ಬಂದದ್ದೇ ಮೇಡಂ ಅದನ್ನು ಮಗುಚಿ ಒಳಮೈ ನೋಡಿದರು.

"ನೋಡಿದ್ಯೇನೇ, ಮಾಡಿಕೊಟ್ಟೋರಲ್ಲೇ ಐಬು ಹುಡುಕ್ತಾಳೆ!" ಅಜ್ಜಿ ಸಿಡುಕಿದರು.

ಐಬಲ್ಲ. ಒಳ್ಳೆಯ ಕೈಕೆಲಸ ಒಳಗಡೆಯೇ ತಿಳಿಯುವುದಂತೆ. ಹಗ್ಗದ ಮೇಲಿದ್ದ ನನ್ನ ಯೂನಿಫಾರ್ಮನ್ನೂ ಅವರು ಹಾಗೇ ಮಗುಚಿದರು. ಬೆಳೆಯುವ ಮಗುವೆಂದು ಅಮ್ಮ ಏನು ಹೊಲಿದರೂ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಸಿಡುತ್ತಿದ್ದಳು. ಮೇಡಂ ಆ ಮಡಿಕೆಗೆ ಬೆರಳಿಟ್ಟು ಅಳೆದರು.

"ಇಷ್ಟು ಬಟ್ಟೆ ಇದೆಯಲ್ಲ, ಇನ್ನೂ ಯಾಕೆ ಬಿಚ್ಚಿಲ್ಲ? ನಿನ್ನ ತಾಯಿಯನ್ನು ಕೇಳು."

ಕೇಳಿದೆ. ಆ ರಜೆಯುದ್ದಕ್ಕೂ ನಾನು ಕೇಳಲಾರದೆ ಉಳಿಸಿಕೊಂಡಿದ್ದ ಪ್ರಶ್ನೆ ಅದೇ. ಅಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕಾಫಿ ಮಾಡಲು ಎದ್ದಳು.

ಮೇಡಮ್ಮನ್ನು ರೈಲು ಹತ್ತಿಸಿ ನಾನು, ಅಪ್ಪ ಹಿಂತಿರುಗಿದಾಗ ಅಮ್ಮ ಮೆಟ್ಟಿಲ ಮೇಲೆ ಕೂತು ಆ ಮಡಿಕೆ ಬಿಚ್ಚುತ್ತಿದ್ದಳು. ಮಾಸಿದ ನೀಲಿಯ ಕೆಳಗೆ, ಬಿಸಿಲೇ ಕಾಣದ ಕಡುನೀಲಿ ಪಟ್ಟಿ.

"ಏನೇ ಇದು?" ಅಂದರು ಅಪ್ಪ.

"ಇನ್ನೊಂದು ವರ್ಷಕ್ಕೆ ಆಗತ್ತೆ ರೀ," ಅಮ್ಮ ತಲೆಯೆತ್ತಲಿಲ್ಲ. "ಆಮೇಲಿಂದು ಆಮೇಲೆ."

ಅಪ್ಪ ಆಗಲೂ ಹೂಂ ಅನ್ನಲಿಲ್ಲ. ಆದರೆ ರಜೆ ಮುಗಿದಾಗ ನನ್ನ ಟ್ರಂಕನ್ನು ಪ್ಲಾಟ್‌ಫಾರ್ಮಿಗೆ ತಾವೇ ಹೊತ್ತು ತಂದರು.

ಕ್ಲಾಸಿನ ಹುಡುಗಿಯರು ನನ್ನ ಎರಡು ನೀಲಿಗಳನ್ನು ನೋಡಿ ನಕ್ಕರು.

"ಪ್ಯಾರಿಸ್ಸಿನಲ್ಲಿ ಈಗ ಇದೇ ಫ್ಯಾಷನ್," ಎಂದೆ.