ಹೇಮಾಳ ಒರಿಜಿನಲ್

ಕೌಲ್ ಬಜಾರಿನ ಲ್ಯಾಬಿಗೆ ಕೆಲಸಕ್ಕೆ ಸೇರಿದ ದಿನ ಹೇಮಾ ತನ್ನ ಡಿಗ್ರಿಯ ಒರಿಜಿನಲ್ ಸರ್ಟಿಫಿಕೇಟುಗಳನ್ನು ಮಾಲೀಕ ಕೊಟ್ರಬಸಪ್ಪನವರ ಕೈಗೆ ಖುಷಿಯಿಂದಲೇ ಕೊಟ್ಟಿದ್ದಳು. ಅವರು ಫೈಲಿಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಫೋಟೋದ ಕೆಳಗಿನ ಗೂಡಿನಲ್ಲಿಟ್ಟು ಬೀಗ ಹಾಕಿದರು. "ನಿನ್ನ ವಿದ್ಯಾ ದೇವ್ರ ಹತ್ರ ಐತವ್ವ, ಚಿಂತಿ ಬಿಡು" ಅಂದರು. ಬಾದನಹಟ್ಟಿಯ ಜೋಗಮ್ಮನ ಮಗಳಿಗೆ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಮನುಷ್ಯ ಅಂದುಕೊಂಡಳು, ಪೆದ್ದಿ!

ಅವಳು ಓದಿದ್ದು ಸೈಟಾಲಜಿ. ರೋಗಿಯ ಮೈಯಿಂದ ತೆಗೆದ ಜೀವಕೋಶಗಳಿಗೆ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಕ್ಯಾನ್ಸರ್ ಹುಡುಕುವ ಕೆಲಸ. ಅನುಮಾನ ಬಂದಲ್ಲಿ ಆ ಕೋಶಗಳಿರುವ ಗಾಜಿನ ಮೇಲೆ ಮಸಿಯ ಚುಕ್ಕಿ ಇಡಬೇಕು. ಡಾಕ್ಟರು ಬಂದು ಆ ಚುಕ್ಕಿಗಳನ್ನು ನೋಡಿ ತೀರ್ಮಾನ ಹೇಳುತ್ತಾರೆ. ಊರಿನಲ್ಲಿ ಮಾತ್ರ ಅವಳು ಇವತ್ತಿಗೂ "ರಕ್ತ ತಗಿಯಾಕಿ".

ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯೊಂದು ಅವಳನ್ನು ಆರಿಸಿಕೊಂಡಾಗ ಫಜೀತಿ ಶುರುವಾಯಿತು. ಲ್ಯಾಬ್ ಕೆಲಸದವರ ಸರ್ಕಾರಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸದೆ ಅಲ್ಲಿ ಸೇರುವಂತಿಲ್ಲ, ಒರಿಜಿನಲ್ ತೋರಿಸದೆ ನೋಂದಣಿ ಇಲ್ಲ. ಜೆರಾಕ್ಸ್ ನಡೆಯುವುದಿಲ್ಲ. ಹೇಮಾ ಹೆದರುತ್ತಲೇ ಹೋಗಿ ಕೇಳಿದಳು.

"ದೇವ್ರ ಮುಂದ ಇಟ್ಟಿದ್ದು ಹಂಗ ತಗಿಯಾಕ ಬರ್ತೈತೇನವ್ವ?" ಕೊಟ್ರಬಸಪ್ಪನವರು ನಕ್ಕರು. "ಗೂಡು ಖಾಲಿ ಬಿಡಬಾರ್ದು. ನಿನ್ನಂಗ ಓದಿದಾಕಿ ಒಬ್ಬಾಕಿನ್ನ ಕರಕೊಂಡು ಬಾ. ಆಕೀದು ಇಟ್ಟು ನಿಂದು ಒಯ್ಯಿ."

ಬೈದಿದ್ದರೆ ತಿರುಗಿಬಿದ್ದು ಜಗಳವಾಡಬಹುದಿತ್ತು. ಈ ಮನುಷ್ಯ ಬೆಣ್ಣೆಯಂತೆ ಮಾತಾಡುತ್ತಾನೆ, ಏನು ಮಾಡುವುದು? ಕಳೆದುಹೋಗಿದೆ ಎಂದು ಬರೆದುಕೊಟ್ಟರೆ ಡುಪ್ಲಿಕೇಟ್ ಸಿಗುತ್ತದಂತೆ. ಆದರೆ ಕಳೆದಿಲ್ಲವಲ್ಲ! ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವಾಗ ಆ ಬೀಗ ಕಣ್ಣೆದುರಿಗೇ ಇರುತ್ತಿತ್ತು. ಹೇಮಾಳಿಗೆ ಆ ಗೂಡಿನ ಮೇಲೆ, ದೇವರ ಮೇಲೆ, ತನ್ನ ಮೇಲೆ ಸಿಟ್ಟು ಬಂತು.

ಕೊನೆಗೆ ಸಿರುಗುಪ್ಪದ ಅನಿತಾಳ ನೆನಪಾಯಿತು. ಅದೇ ಕಾಲೇಜಿನಲ್ಲಿ ಓದಿ ಮನೆಯಲ್ಲಿ ಕೂತಿದ್ದ ಹುಡುಗಿ. ಹೇಮಾ ಹೋದಾಗ ಅವಳ ತಾಯಿ ಪಾರಮ್ಮ ಒಗ್ಗರಣೆ ಮಂಡಕ್ಕಿ ಮಾಡಿಕೊಟ್ಟಳು. ಲ್ಯಾಬ್ ಚಲೋ ಐತಿ, ಮಾಲೀಕರು ಮಗಳಂಗ ನೋಡಿಕೊಳ್ತಾರ ಎಂದು ಹೇಮಾ ಹೊಗಳಿದ್ದೇ ಹೊಗಳಿದ್ದು.

"ಒರಿಜಿನಲ್ ಕೊಡಬೇಕಂತಲ್ಲಕ್ಕ," ಅನಿತಾ ಕೇಳಿದಳು. "ಕೊಡ್ಲೇನು?"

ಹೇಮಾಳೂ ಹಿಂದೊಮ್ಮೆ ಇದೇ ಪ್ರಶ್ನೆ ಕೇಳಿದ್ದಳು. ತನ್ನ ಕಾಲೇಜಿನಲ್ಲೇ ಎರಡು ವರ್ಷ ಮುಂದಿದ್ದ ರೇಣುಕಾ ಆಗ ಈ ಲ್ಯಾಬಿನಲ್ಲಿದ್ದಳು; ಹೇಮಾಳನ್ನು ಸೇರಿಸಲೆಂದೇ ಬಾದನಹಟ್ಟಿಗೆ ಬಂದವಳು, ಉತ್ತರ ಹೇಳುವಾಗ ಮುಖ ನೋಡದೆ ತಟ್ಟೆ ನೋಡಿದ್ದಳು. ನಾಚಿಕೆ ಸ್ವಭಾವ ಅಂದುಕೊಂಡಿದ್ದ ಹೇಮಾಳಿಗೆ ಅದು ಯಾವ ನಾಚಿಕೆ ಎಂದು ಈಗ ತಿಳಿಯಿತು.

"ಕೊಡವ್ವ," ಅಂದಳು. "ಏನೂ ಆಗಂಗಿಲ್ಲ."

ಅನಿತಾಳ ಫೈಲು ಗೂಡಿಗೆ ಹೋಯಿತು, ಹೇಮಾಳದು ಹೊರಗೆ ಬಂತು. ನೋಂದಣಿಯಾಯಿತು, ಹುಬ್ಬಳ್ಳಿಯ ಕೆಲಸವೂ ಸಿಕ್ಕಿತು. ತಾಯಿ ಜೋಗಮ್ಮ ಊರಿಗೆಲ್ಲ ಸಕ್ಕರೆ ಹಂಚಿದಳು. ಆದರೆ ಹೇಮಾ ಅನಿತಾಗೆ ಫೋನ್ ಮಾಡುವುದನ್ನೇ ಬಿಟ್ಟಳು. ಮೊಬೈಲಿನಲ್ಲಿ ಅವಳ ಹೆಸರು ಕಂಡರೆ ಎತ್ತದೆ ಮಗುಚಿಡುತ್ತಿದ್ದಳು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ಫೋನ್ ಎತ್ತಿದಳು. ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದಳು. ಅನಿತಾ ಬೈಯಲಿಲ್ಲ, ಅಳಲೂ ಇಲ್ಲ.

"ಅಕ್ಕಾ, ನನಗ ದಾವಣಗೆರಿಯಾಗ ಕೆಲಸ ಆಗೈತಿ," ಅಂದಳು, ಸಣ್ಣ ದನಿಯಲ್ಲಿ. "ನಮ್ಮ ಕಾಲೇಜಿನ ಹುಡುಗ್ಯಾರು ಯಾರಾರ ಖಾಲಿ ಅದಾರೇನು? ಬಡವರ ಮನಿಯಾಕಿ ಆದ್ರ ಚಲೋ. ಲಗೂನ ಒಪ್ತಾರ."