ಸೋದರಮಾವನ ತೊಡೆಯ ಮೇಲೆ

ಬೆಳಗ್ಗೆ ಹತ್ತೂವರೆ. ಅರಿಶಿನ ಕಲಸಿದ ಕೊಬ್ಬರಿ ಎಣ್ಣೆಯ ವಾಸನೆ ಎಲ್ಲಿಂದಲಾದರೂ ಬಂದರೆ ಸಾಕು, ನನ್ನ ಕಣ್ಣು ತಾನಾಗಿ ಗಡಿಯಾರ ಹುಡುಕುತ್ತದೆ. ಅದು ಎಷ್ಟೇ ತೋರಿಸಲಿ, ನನಗೆ ಕಾಣುವುದು ಹತ್ತೂವರೆಯೇ. ಇವತ್ತು ಆ ವಾಸನೆ ಬಂದದ್ದು ಪಕ್ಕದ ಫ್ಲ್ಯಾಟಿನಿಂದ. ಅಲ್ಲಿ ಮಗುವಿಗೆ ಕಿವಿ ಚುಚ್ಚುವ ಸಡಗರ.

ಆಗ ನಾನು ಹೂಡಿಯಲ್ಲಿ, ಮುನಿಯಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆ. ಗಾಜಿನ ಕಟ್ಟಡಗಳ ಬೆನ್ನಿಗೆ ಇನ್ನೂ ಅಲ್ಲಲ್ಲಿ ರಾಗಿ ಹೊಲ ಉಳಿದಿದ್ದ ಕಾಲ. ಜೀವಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಅಮೆರಿಕದ ಡಾಕ್ಟರುಗಳು ಹೇಳಿದ್ದನ್ನು ಟೈಪು ಮಾಡುವುದು ನನ್ನ ಕೆಲಸ. ಸಮುದ್ರದಾಚೆಯ ಎಲ್ಲರ ರೋಗವೂ ನನಗೆ ಗೊತ್ತಿತ್ತು. ಕೆಳಗಿನ ಮನೆಯವರದು ಮಾತ್ರ ಗೊತ್ತಿರಲಿಲ್ಲ.

ಮುನಿಯಮ್ಮನ ಸೊಸೆ ಶೋಭಾಗೆ ಮೊದಲು ಹೆಣ್ಣು, ನಾಲ್ಕು ವರ್ಷದ ಮೇಲೆ ಗಂಡು. ಆ ನಾಲ್ಕು ವರ್ಷ ಅವಳು ಕೇಳಿಸಿಕೊಂಡ ಮಾತುಗಳು ಮಹಡಿಗೂ ಬರುತ್ತಿದ್ದವು. ಗಂಡು ಹುಟ್ಟಿದ ಮೇಲೆ ಮನೆಯ ದನಿಯೇ ಬದಲಾಗಿ, ನನ್ನ ಪಾಲಿಗೂ ಆಗಾಗ ಒಬ್ಬಟ್ಟು ಮೇಲಕ್ಕೆ ಬಂತು.

ಕಿವಿ ಚುಚ್ಚುವ ದಿನ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಶೋಭಾಳ ತಮ್ಮ ನಾಗರಾಜ ಹೊಸಕೋಟೆ ಕಡೆಯಿಂದ ಬಂದಿದ್ದ. ಎಡ ಮಂಡಿ ಪೂರ್ತಿ ಮಡಚಲು ಬರದೆ ಒಂದು ಕಾಲು ಚಾಚಿಯೇ ಕೂತ. ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದಿದ್ದನಂತೆ. ಎಲ್ಲರೂ ಹಾಗೇ ಹೇಳುತ್ತಿದ್ದರು.

ಅಕ್ಕಸಾಲಿ ಹತ್ತೂವರೆಗೆ ಸರಿಯಾಗಿ ಚುಚ್ಚಿದರು. ಮಗು ಅತ್ತಿತು, ಬೆಲ್ಲ ನೆಕ್ಕಿ ಸುಮ್ಮನಾಯಿತು. ಎಣ್ಣೆ ಅರಿಶಿನ ಹಚ್ಚಿದರು. ನಾವು ಊಟಕ್ಕೆ ಎದ್ದಾಗ ನಾಗರಾಜನ ಬಿಳಿ ಪಂಚೆಯ ಮೇಲೆ ಕೆಂಪು ಇನ್ನೂ ಹರಡುತ್ತಿತ್ತು.

“ಕಾಪಿ ಪುಡಿ ತತ್ತಾ, ಒತ್ತಿದ್ರೆ ನಿಂತೋಯ್ತದೆ,” ಎಂದರು ಮುನಿಯಮ್ಮ.

ಕಾಫಿ ಪುಡಿ ಒದ್ದೆಯಾಗಿ ಕುತ್ತಿಗೆಗೆ ಇಳಿಯಿತು. ಇನ್ನೊಂದು ಹಿಡಿ ಒತ್ತಿದರು. ಅದೂ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಮಗು ಅಳುವುದನ್ನು ನಿಲ್ಲಿಸಿತ್ತು. ನನಗೆ ಇವತ್ತಿಗೂ ಕೇಳಿಸುವುದು ಆ ಮೌನ. ಆಟೋದಲ್ಲಿ ಹೊರಟೆವು, ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ. ಅದರ ಡಬ್ಬಿಗಳು ಈಗಲೂ ನನ್ನ ತಲೆಯೊಳಗೆ ಮುಗಿದಿಲ್ಲ.

ಆಸ್ಪತ್ರೆಯ ಡಾಕ್ಟರು ಕಿವಿಗಿಂತ ಹೆಚ್ಚು ಹೊತ್ತು ನೋಡಿದ್ದು ನಮ್ಮನ್ನು. “ತಾಯಿ ಕಡೆ ಗಂಡಸರಿಗೆ ಯಾರಿಗಾದ್ರೂ ರಕ್ತ ನಿಲ್ದೇ ಇರೋ ತೊಂದ್ರೆ ಇದ್ಯಾ?”

ನಾಗರಾಜ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ. “ನಂಗೈತೆ ಸಾರ್. ಹಲ್ಲು ಕಿತ್ತಾಗ ವಾರಗಟ್ಲೆ ಸೋರ್ತು. ಮಂಡಿ ಸುಮ್‌ಸುಮ್ನೆ ಊದ್ಕತದೆ.”

ಹುಣಸೆಮರ ಅಲ್ಲಿಗೆ ಮಾಯವಾಯಿತು. ಹಿಮೋಫಿಲಿಯಾ, ಎಂದರು ಡಾಕ್ಟರು. ನಾನು ನೂರು ಸಲ ಟೈಪು ಮಾಡಿದ್ದ ಪದ.

ರಕ್ತ ಹೆಪ್ಪುಗಟ್ಟಿಸುವ ಇಂಜೆಕ್ಷನ್ ತರಿಸಿ ಕೊಟ್ಟರು, ಮಗು ಉಳಿಯಿತು. ಮನೆ ಉಳಿಯುವುದೇ ಕಷ್ಟವಾಯಿತು. ಹೊಸಿಲು ದಾಟುವ ಮೊದಲೇ ಮುನಿಯಮ್ಮ ಬೀಗರ ಮಗನನ್ನು ತಡೆದರು. “ನಿಮ್ಮನೆ ರೋಗ ನಮ್ಮನೆಗೆ ತಂದಾಕುದ್ರಿ. ಇನ್ ಈ ಕಡೆ ಬರ್‍ಬ್ಯಾಡ.” ಅವನು ಕಾಲೆಳೆಯುತ್ತಾ ಹೊರಟುಹೋದ. ಶೋಭಾ ದಿಂಬಿನ ಪಕ್ಕ ಟಾರ್ಚು ಇಟ್ಟುಕೊಂಡು ಮಲಗತೊಡಗಿದಳು. ಗಳಿಗೆಗೊಮ್ಮೆ ಅದರ ಗುಂಡಿಯ ಟಿಕ್ ಸದ್ದು. ದಿಂಬು ಕೆಂಪಾಗಿದೆಯೇ ಎಂದು ನೋಡುವುದು. ಸದ್ದು ಕೇಳಲೆಂದೇ ಮಹಡಿಯಲ್ಲಿ ನಾನೂ ಎಚ್ಚರವಿರುತ್ತಿದ್ದೆ.

ಒಂದು ಬೆಳಗ್ಗೆ ಮುನಿಯಮ್ಮ ಅಂಗಳದಲ್ಲಿ ರಂಗೋಲಿ ಹಾಕುತ್ತಾ ಕೇಳಿದರು. “ಮೊಮ್ಮಗಳಿಗೂ ಚುಚ್ಚಿಸಿದ್ವಲ್ಲವ್ವ, ಅದುಕ್ಯಾಕೆ ಏನೂ ಆಗ್ಲಿಲ್ಲ?”

ಕಾಲೇಜಿನಲ್ಲಿ ಇದನ್ನೇ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ ಬರೆದು ಪಾಸಾದವಳು ನಾನು. ಅವರ ಕೈಯಿಂದ ರಂಗೋಲಿ ಪುಡಿ ಇಸಕೊಂಡೆ. ಹೆಣ್ಣಿಗೆ ಎರಡು ಎಳೆ ಎಳೆದೆ. “ಒಂದು ಅಮ್ಮನ್ದು, ಒಂದು ಅಪ್ಪನ್ದು. ಒಂದೆಳೆ ಹರಿದಿದ್ರೂ ಇನ್ನೊಂದು ತೂಗಿಸ್ಕೊಂಡು ಹೋಗುತ್ತೆ. ಅದಕ್ಕೇ ಶೋಭಾಗೆ ಏನೂ ಕಾಣ್ಲಿಲ್ಲ.” ಗಂಡಿಗೆ ಒಂದೇ ಎಳೆ ಎಳೆದು ಪಕ್ಕದಲ್ಲಿ ಒಂದು ಮೋಟು ಗೀರು ಹಾಕಿದೆ. “ಈ ಎಳೆ ಅಮ್ಮ ಕೊಡೋದು. ಅದು ಹರಿದಿದ್ರೆ ತೂಗಿಸೋಕೆ ಇನ್ನೊಂದಿಲ್ಲ.”

“ಈ ಮೋಟು?”

“ಅದು ಅಪ್ಪ ಕೊಡೋದು. ಮೋಟು ಕೊಟ್ರೆ ಗಂಡು, ಉದ್ದಂದು ಕೊಟ್ರೆ ಹೆಣ್ಣು.”

ಅವರು ಆ ಮೋಟು ಗೀರಿನ ಪಕ್ಕ ಬೆರಳಿಟ್ಟರು. “ಅಂಗಾರೆ ಹೆಣ್ಣೆತ್ತಳು ಅಂತ ಇವಳ್ನ ಬೈದಿದ್ದೆಲ್ಲ ನನ್ ಮಗನ್ಗೆ ಬೈಬೇಕಿತ್ತಾ?”

“ಅವ್ರಿಗೂ ಅಲ್ಲಮ್ಮ. ಆರಿಸಿ ಕೊಡೋಕೆ ಯಾರ ಕೈಲೂ ಆಗಲ್ಲ. ಶೋಭಾನೂ ಆರಿಸಿ ಕೊಡ್ಲಿಲ್ಲ.”

“ಅಂಗಾರೆ ಯಾರ್‍ನ ಬೈಯಾದವ್ವ?” ನಿಜವಾಗಿಯೂ ತಿಳಿಯದೆ ಕೇಳಿದರು. ಅವರು ಪೊರಕೆ ತಂದು ನನ್ನ ಚಿತ್ರ ಗುಡಿಸಿ, ಅದೇ ಜಾಗದಲ್ಲಿ ದಿನದ ಎರಡೆಳೆ ರಂಗೋಲಿ ಹಾಕಿದರು. ಎದ್ದು, ಮಗನ ಮೊಬೈಲು ಹಿಡಿದು ನನ್ನ ಮುಂದೆ ಚಾಚಿದರು. “ನಾಗರಾಜುಗೆ ಒತ್ತಿಕೊಡು.” ಫೋನಿನಲ್ಲಿ ಅವರು ಕ್ಷಮೆ ಕೇಳಲಿಲ್ಲ. “ಬಾರ್‍ಲಾ, ಮಗೀನ ಎಂಗ್ ನೋಡ್ಕಬೇಕು ಅಂತ ನಿಂಗೇ ಗೊತ್ತಿರಾದು,” ಎಂದಷ್ಟೇ ಹೇಳಿದರು.

ಪಕ್ಕದ ಫ್ಲ್ಯಾಟಿಗೆ ಈಗ ಹೋಗಿ ಬಂದೆ. ಮಗುವಿನ ತಾಯಿಯನ್ನು ಅಡುಗೆಮನೆಗೆ ಕರೆದು, ನಿಮ್ಮ ಅಣ್ಣತಮ್ಮಂದಿರಿಗೆ ಗಾಯವಾದರೆ ರಕ್ತ ಬೇಗ ನಿಲ್ಲುತ್ತದೆಯೇ ಎಂದು ಕೇಳಿದೆ. ನಿಲ್ಲುತ್ತೆ ಆಂಟಿ, ಯಾಕೆ, ಎಂದು ನಕ್ಕಳು. ನಾನು ಗಡಿಯಾರ ನೋಡಿದೆ. ಅದರಲ್ಲಿ ಹನ್ನೊಂದು ಗಂಟೆ ದಾಟಿತ್ತು. ಈ ಸಲ ನನಗೂ ಅಷ್ಟೇ ಕಂಡಿತು.

ನಾಗರಾಜ ಬಂದ ಮರುದಿನದ ಬೆಳಗು ಮಾತ್ರ ಇನ್ನೂ ಹೇಳಿಲ್ಲ. ಹೊತ್ತೇರಿದರೂ ಅಂಗಳದಲ್ಲಿ ರಂಗೋಲಿ ಬಿದ್ದಿರಲಿಲ್ಲ. ಆ ಮನೆಯಲ್ಲಿ ಅದು ತಪ್ಪಿದ್ದನ್ನು ನಾನು ಕಂಡೇ ಇರಲಿಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದು ಕಿಟಕಿಯಲ್ಲಿ ಇಣುಕಿದೆ. ಟಾರ್ಚು ಮೂಲೆಗೆ ಉರುಳಿತ್ತು. ಶೋಭಾ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು, ಪಕ್ಕದಲ್ಲೇ ಮುನಿಯಮ್ಮ. ನಾಗರಾಜ ಗೋಡೆಗೆ ಒರಗಿ, ಒಂದು ಕಾಲು ಚಾಚಿ, ಕೂತಲ್ಲೇ ನಿದ್ದೆಹೋಗಿದ್ದ. ಅವನ ತೊಡೆಯ ಮೇಲೆ, ಓಲೆಯಿಲ್ಲದ ಕಿವಿಯ ಮಗು ಮಲಗಿತ್ತು. ಪಂಚೆ ಬೆಳ್ಳಗಿತ್ತು.