ಕಿವಿಯತನಕ ಹರಿದ ನೀರು

ಗ್ರೇಸಿಯ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಟ್ಟವಳು ನಾನು. ಗುರುಗಳಲ್ಲ, ಬಿಷಪ್ಪರಲ್ಲ, ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ ನಾನು. ಚರ್ಚಿನಲ್ಲಿ ಊರ ಮಂದಿಯೆಲ್ಲ ಸೇರಿ ಬಿರಿಯಾನಿ ತಿಂದ ದಿನ ಆದದ್ದು ಬರೀ ಎಣ್ಣೆ ಹಚ್ಚಿ, ಬಿಳಿ ಬಟ್ಟೆ ಹೊದಿಸಿ, ಮೇಣದಬತ್ತಿ ಬೆಳಗಿದ್ದು; ನೀರಲ್ಲ.

ಇದು ಈಗ ನೆನಪಾಗಲು ಕಾರಣ ಗಂಜಿ ಹಾಕಿದ ಒಂದು ಫ್ರಾಕು. ಮೊಮ್ಮಗಳು ಗ್ರೇಸಿಗೆ ಬರುವ ಭಾನುವಾರ ಚರ್ಚಿನಲ್ಲಿ ಗುರುಗಳ ಕೈಯಿಂದ ಮೊದಲ ಪರಮಪ್ರಸಾದ. ಮೆಹದಿಪಟ್ಟಣದ ದರ್ಜಿ ಫ್ರಾಕು ಕಳಿಸಿದ್ದ. ಪೊಟ್ಟಣ ಬಿಚ್ಚಿದ್ದೇ ತಡ, ಗಂಜಿಯ ವಾಸನೆಗೆ ಆಸ್ಪತ್ರೆಯ ಚಾದರ ಕಣ್ಣ ಮುಂದೆ ಬಂತು.

ಗ್ರೇಸಿ ಏಳನೆಯ ತಿಂಗಳಿಗೇ ಹುಟ್ಟಿದ ಕೂಸು, ನನ್ನ ಅಂಗೈಗಿಂತ ತುಸು ದೊಡ್ಡದು. ಮಧ್ಯಾಹ್ನ ಡಾಕ್ಟರಮ್ಮ ಹೊರಗೆ ಬಂದು ತಲೆ ಅಲ್ಲಾಡಿಸಿದರು. ಮಗ ಗುರುಗಳಿಗೆ ಫೋನ್ ಹಚ್ಚಿದ. ಅವರು ನಾಂಪಲ್ಲಿಯಲ್ಲಿ, ಎಕ್ಸಿಬಿಷನ್ ಗದ್ದಲದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದರು. ನಮ್ಮೂರ ಚರ್ಚಿನ ಶಾಲೆಯಲ್ಲಿ ಉಪದೇಶಿ ಬೆತ್ತ ಹಿಡಿದು ಕಲಿಸಿದ್ದ ಒಂದು ಪಾಠ ನನಗೆ ಮರೆತಿರಲಿಲ್ಲ: ಜೀವ ಹೋಗುವ ಹೊತ್ತಿನಲ್ಲಿ ಜ್ಞಾನಸ್ನಾನ ಯಾರು ಬೇಕಾದರೂ ಕೊಡಬಹುದು, ನೀರು ಹರಿಯಬೇಕು, ಮಾತು ತಪ್ಪಬಾರದು. ಅವನು ಕಲಿಸಿದ ಲೆಕ್ಕ, ಭೂಗೋಳವೆಲ್ಲ ಮರೆತು ಹೋಯಿತು. ಇದು ಉಳಿಯಿತು.

ನರ್ಸಮ್ಮ ಕುದಿಸಿ ಆರಿಸಿದ ನೀರು ಕೊಟ್ಟಳು. ಚಮಚೆಯಿಂದ ಮೂರು ಸಲ ಹಣೆಗೆ ಹೊಯ್ದೆ, ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಿನಗೆ ಜ್ಞಾನಸ್ನಾನ ಕೊಡುತ್ತೇನೆ ಅನ್ನುತ್ತ. ಆಗ ಕಣ್ಣೀರು ಹಾಕಿದೆ ಎಂದರೆ ಸುಳ್ಳಾಗುತ್ತದೆ. ಮಾಡುವ ಕೆಲಸವಿತ್ತು, ಮಾಡಿದೆ.

ಕೂಸು ಬದುಕಿತು. ಪೇಚು ಶುರುವಾದದ್ದೇ ಆಮೇಲೆ, ನೋಡಿ. ಸೊಸೆ ಪ್ರೀತಿ ಮಂಗಳೂರಿನವಳು, ಗಚ್ಚಿಬೌಲಿಯಲ್ಲಿ ನೌಕರಿ. ಕೂಸಿಗೆ ನಾಲ್ಕು ತಿಂಗಳಾದಾಗ ಚರ್ಚಿನಲ್ಲಿ ಜ್ಞಾನಸ್ನಾನದ ದೊಡ್ಡ ಸಮಾರಂಭ ಇಟ್ಟಳು.

"ಅತ್ತೆ, ಆಸ್ಪತ್ರೆಯದ್ದು ಯಾರಿಗೂ ಹೇಳುದು ಬೇಡ. ಊರಿಂದ ಅಷ್ಟು ಜನ ಬರ್ತಾರೆ. ತಲೆಗೆ ನೀರು ಹಾಕದಿದ್ರೆ ಎಂತದು ಮತ್ತೆ?"

"ಅದು ಒಂದ ಸಲ ಆಗೂದವ್ವಾ. ದಿನಾ ಮಾಡೂ ಜಳಕ ಅಲ್ಲ."

"ಕೊಟ್ಟದ್ದು ಫಾದರ್ ಅಲ್ಲವಲ್ಲ!"

ಆ ಮಾತು ನನ್ನೊಳಗೆ ಹೊಕ್ಕಿತು. ಓದಿದವಳು ಹೇಳುತ್ತಾಳೆ, ಇದ್ದರೂ ಇರಬಹುದು ಎಂದು ಎರಡು ವಾರ ಬಾಯಿ ಮುಚ್ಚಿದೆ. ನನ್ನ ಬಾಯಿ ಅಷ್ಟು ದಿನ ಮುಚ್ಚಿದ್ದು ಅದೊಂದೇ ಸಲ.

ಆದರೆ ಚರ್ಚಿನಲ್ಲಿ ಗುರುಗಳು ತಂಬಿಗೆ ಎತ್ತಿದಾಗ ನನಗೆ ತಿಳಿಯಿತು: ಈಗ ಸುಮ್ಮನಿದ್ದರೆ, ಅಂದು ಕೊಟ್ಟದ್ದು ಸುಳ್ಳೆಂದು ನಾನೇ ಒಪ್ಪಿದಂತೆ.

"ನಿಲ್ಲರಿ ಫಾದರ್. ಅದು ಆಗಿ ಹೋಗೇತಿ. ನಾನ ಕೊಟ್ಟೀನಿ."

ಗುರುಗಳು ಜಹೀರಾಬಾದಿನ ಕಡೆಯವರು, ನಮ್ಮ ಮಾತು ಬರುತ್ತಿತ್ತು. "ಎಂಥಾ ನೀರಮ್ಮಾ?"

"ಕುದಿಸಿ ಆರಿಸಿದ್ದರಿ."

"ಹರೀತೇನು?"

"ಕಿವಿತನಕ."

"ಏನಂದ್ರಿ ಆಗ?"

ಅಂದದ್ದನ್ನು ಇಡೀ ಚರ್ಚಿಗೆ ಕೇಳುವ ಹಾಗೆ ಹೇಳಿದೆ. ಅವರು ತಂಬಿಗೆ ಕೆಳಗಿಟ್ಟರು. "ಅಮ್ಮ ಕೊಟ್ಟದ್ದು ಪಕ್ಕಾ. ಮ್ಯಾಲೆ ನಾ ಮತ್ತ ಹಾಕಿದರ ತಪ್ಪಾಗ್ತದ." ಸುಳ್ಳೇಕೆ, ಆಗ ನನ್ನ ಬೆನ್ನು ಒಂದು ಗೇಣು ನೆಟ್ಟಗಾಯಿತು. ಫೋಟೋದವನು ಪಕ್ಕಕ್ಕೆ ಬಂದು, "ಆಂಟಿ, ನೀರಿನ ಫೋಟೋ?" ಎಂದ. "ನಂದ ತಗಿ" ಅಂದೆ.

ಪ್ರೀತಿ ತಿಂಗಳುಗಟ್ಟಲೆ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನಾನೂ ಯಾಕೆಂದು ಕೇಳಲಿಲ್ಲ. ಇಬ್ಬರೂ ಗಟ್ಟಿ.

ಮೊನ್ನೆ ಪರಮಪ್ರಸಾದಕ್ಕೆಂದು ಚರ್ಚಿನಿಂದ ಜ್ಞಾನಸ್ನಾನದ ಕಾಗದ ತಂದಳು. ಓದುತ್ತ ಓದುತ್ತ, ಕೊಟ್ಟವರು ಯಾರು ಎಂಬ ಸಾಲಿನಲ್ಲಿ ನನ್ನ ಹೆಸರು ಕಂಡು ನಿಂತಳು. ಇಷ್ಟು ವರ್ಷ ಅದನ್ನು ನೋಡಿರಲಿಲ್ಲವಂತೆ. ಫ್ರಾಕು ಮಡಚುತ್ತ ಮೆಲ್ಲಗೆ ಹೇಳಿದಳು:

"ಅತ್ತೆ, ತಂಗಿಗೆ ಈ ತಿಂಗಳು ಹೆರಿಗೆ. ಸ್ವಲ್ಪ ಕಷ್ಟ ಅಂತ ಡಾಕ್ಟರ್ ಹೇಳಿದ್ದಾರೆ. ಜೊತೆಗೆ ಇರುವುದು ನಾನೊಬ್ಬಳೇ. ಜ್ಞಾನಸ್ನಾನದ ಆ ಮಾತು ನನಗೆ ಕಲಿಸಿಕೊಡ್ತೀರಾ?"

ಓದಿದವಳು ನನ್ನ ಹತ್ತಿರ ಕಲಿಯಲು ಬಂದಿದ್ದಳು. ನಗು ಬಂತು. ನಗಲಿಲ್ಲ.

ಮರುದಿನ ಬೆಳಿಗ್ಗೆ, ಇದೇ ಕೂಸಿನ ತಲೆ ಅಂತ, ಒಂದು ತೆಂಗಿನಕಾಯಿ ಸುಲಿದು ಅಡಿಗೆಮನೆಯ ಬೇಸಿನ್ನಿನಲ್ಲಿಟ್ಟು, ಅವಳ ಕೈಗೆ ಚಮಚೆ ಕೊಟ್ಟೆ. ಮೊದಲ ಸಲ ನೀರು ಮುಂದೆ ಹೋಯಿತು, ಮಾತು ಹಿಂದೆ ಉಳಿಯಿತು.

"ಎರಡೂ ಕೂಡೇ ಆಗಬೇಕು" ಅಂದೆ. "ಮತ್ತ ಹಾಕು."